ಪಂಪಿಂಗ್ 60 ಇದ್ದರೂ ದಮ್ಮು ಹತ್ತುತ್ತಿದೆಯಾ? ಹಾರ್ಟ್ ಫೇಲ್ಯೂರ್ ಯಾವ ಕ್ಲಾಸ್ ಅಂತ ಹೀಗೆ ನೋಡಿ

"ಪಂಪಿಂಗ್ ಚಲೋ ಐತಿ ಅಂದಾರ, ಮತ್ತೇನು!" ಎಕೋ (ಹೃದಯದ ಸ್ಕ್ಯಾನ್) ಮಾಡಿಸಿಕೊಂಡು ಬಂದ ಅವ್ವ ಇದೊಂದೇ ಮಾತು ಹೇಳಿ ಆರು ತಿಂಗಳು ದೂಡಿದಳು. ರಿಪೋರ್ಟಿನಲ್ಲಿ ಇಎಫ್, ಅಂದರೆ ಹೃದಯ ಒಂದು ಬಡಿತಕ್ಕೆ ತನ್ನೊಳಗಿನ ರಕ್ತದಲ್ಲಿ ಹೊರದೂಡುವ ಪಾಲು, 60% ಅಂತಿತ್ತು. 50 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಹೃದಯ ಹಿಂಡುವ ಬಲ ಉಳಿದಿದೆ, ನಿಜ. ಆದರೆ ವಯಸ್ಸು, ಬಿಪಿ, ಶುಗರ್, ಬೊಜ್ಜು ಸೇರಿ ಹೃದಯದ ಗೋಡೆ ಬಿಗಿದಿದ್ದರೆ ಅದು ಸಡಿಲಾಗಿ ರಕ್ತ ತುಂಬಿಕೊಳ್ಳುವುದಿಲ್ಲ. ಒತ್ತಡ ಹಿಂದಕ್ಕೆ, ಶ್ವಾಸಕೋಶದ ಕಡೆ ಏರುತ್ತದೆ. ಇದೂ ಹಾರ್ಟ್ ಫೇಲ್ಯೂರೇ.

ಎಷ್ಟು ಜೋರಾಗಿದೆ ಅಂತ ತಿಳಿಯಲು ಮೊದಲು ಆ 60ನ್ನು ಪಕ್ಕಕ್ಕಿಡಿ. ಕಾಯಿಲೆ ಸಣ್ಣದಿದ್ದಾಗಲೂ ಅದು 60, ಜೋರಾದಾಗಲೂ 60 ಇರಬಹುದು. ರಿಪೋರ್ಟಿನಲ್ಲಿ 'ಡಯಾಸ್ಟಾಲಿಕ್ ಡಿಸ್‌ಫಂಕ್ಷನ್ ಗ್ರೇಡ್ 2' ಅಂತ ಇದ್ದರೆ ಎರಡನೇ ಕ್ಲಾಸ್ ಅಂದುಕೊಳ್ಳಬೇಡಿ. ಗ್ರೇಡ್ ಹೃದಯ ತುಂಬುವ ಬಗೆಯನ್ನು ಹೇಳುತ್ತದೆ, ಕ್ಲಾಸ್ ನಿಮ್ಮ ಓಡಾಟವನ್ನು.

ಕ್ಲಾಸ್‌ಗಳು ಒಟ್ಟು ನಾಲ್ಕು. ನ್ಯೂಯಾರ್ಕ್ ಹಾರ್ಟ್ ಅಸೋಸಿಯೇಷನ್ 1928ರಲ್ಲಿ ಶುರುಮಾಡಿದ ಲೆಕ್ಕ ಇದು. ದಿನದ ಕೆಲಸಕ್ಕೆ ಏನೂ ತ್ರಾಸಿಲ್ಲದಿದ್ದರೆ ಒಂದು. ನಮ್ಮ ಹುಬ್ಬಳ್ಳಿಯ ದುರ್ಗದ ಬೈಲ್ ಮಾರ್ಕೆಟ್ಟಿನಿಂದ ತರಕಾರಿ ಚೀಲ ಹಿಡಿದು ನಡೆದರೆ ದಮ್ಮು, ಸುಸ್ತು ಅಂದ್ರೆ ಎರಡು. ಸ್ನಾನ ಮಾಡಿ ಸೀರೆ ಉಡುವಷ್ಟರಲ್ಲೇ ಉಸಿರು ಸಾಲದೆ, ಕೂತರೆ ಮಾತ್ರ ಆರಾಮ ಅನಿಸಿದರೆ ಮೂರು. ಸುಮ್ನೆ ಕೂತರೂ ದಮ್ಮು ಇದ್ದರೆ ನಾಲ್ಕು.

ಎಲ್ಲರೂ ಎಡವುವುದು ಪ್ರಶ್ನೆ ಕೇಳುವಲ್ಲಿ. "ದಮ್ಮು ಹತ್ತತದೇನು?" ಅಂದರೆ ಅವ್ವ "ಇಲ್ಲ" ಅನ್ನುತ್ತಿದ್ದಳು. ಸುಳ್ಳಲ್ಲ, ದಮ್ಮು ಹತ್ತುವ ಕೆಲಸಗಳನ್ನೆಲ್ಲ ಅವಳು ಬಿಟ್ಟಿದ್ದಳು, ಅಷ್ಟೇ. ಹೋದ ಪಂಚಮಿಗೆ ಹದಿನೈದು ರೊಟ್ಟಿ ಬಡಿದವಳು ಈಗ ಎರಡು ಬಡಿದು ಕಟ್ಟೆಗೆ ಕೈ ಊರಿ ನಿಲ್ಲುತ್ತಿದ್ದಳು. ನಾವು "ಹಿಟ್ಟು ಸರಿ ಇಲ್ಲ ಬಿಡು" ಅಂತ ಅಂಗಡಿಯಿಂದ ರೊಟ್ಟಿ ತರಿಸಿದೆವು! ಹಾಗಾಗಿ "ಹೋದ ವರ್ಷ ಮಾಡುತ್ತಿದ್ದುದರಲ್ಲಿ ಏನು ಬಿಟ್ಟೆ?" ಅಂತ ಕೇಳಿ. ಉತ್ತರ ಬರೆದಿಟ್ಟುಕೊಳ್ಳಿ.

ರಾತ್ರಿ ದಮ್ಮು ಹತ್ತದೆ ಮಲಗಲು ಎಷ್ಟು ದಿಂಬು ಬೇಕು, ಸಂಜೆಗೆ ಕಾಲು ಬಾಯುತ್ತದಾ, ಅದನ್ನೂ ನೋಡಿ. ಬೆಳಿಗ್ಗೆ ಶೌಚಕ್ಕೆ ಹೋಗಿ ಬಂದಮೇಲೆ, ತಿಂಡಿಗೆ ಮುಂಚೆ ತೂಕ ನೋಡಿ. ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ನೀರು, ಡಾಕ್ಟರಿಗೆ ಫೋನ್ ಮಾಡಿ. ಕೂತಲ್ಲೇ ದಮ್ಮು ಹತ್ತಿದರೆ ಓಪಿಡಿ ದಿನಕ್ಕೆ ಕಾಯದೆ 108ಕ್ಕೆ ಕರೆ ಮಾಡಿ.

ಎನ್‌ಟಿ-ಪ್ರೊಬಿಎನ್‌ಪಿ (ಹೃದಯದ ಮೇಲಿನ ಒತ್ತಡ ತೋರಿಸುವ) ರಕ್ತ ಪರೀಕ್ಷೆ, 6 ನಿಮಿಷದ ನಡಿಗೆ ಪರೀಕ್ಷೆಗಳನ್ನು ಡಾಕ್ಟರು ಬರೆದುಕೊಡುತ್ತಾರೆ. ದಪ್ಪ ಇರುವವರಲ್ಲಿ ಆ ರಕ್ತದ ಅಂಕಿ ಕಡಿಮೆ ತೋರಿಸುವುದುಂಟು.

ಕ್ಲಾಸ್ ಇಳಿಯಲೂಬಹುದು. ರೊಟ್ಟಿಯ ಲೆಕ್ಕ ಕೇಳಿದ ಡಾಕ್ಟರು ಚೀಟಿಯಲ್ಲಿ 'ಮೂರು' ಅಂತ ಬರೆದು, ನೀರಿಳಿಸುವ ಮಾತ್ರೆ ಕೊಟ್ಟರು, ಉಪ್ಪು ಕಡಿಮೆ ಮಾಡಿಸಿದರು. ಈಗ ಅವ್ವ ಆರು ರೊಟ್ಟಿಯವರೆಗೆ ಬಂದಿದ್ದಾಳೆ. ಅಂಗಡಿ ರೊಟ್ಟಿಗೆ ಹೆಸರಿಡುವುದೂ ಮತ್ತೆ ಶುರುವಾಗಿದೆ.