ಸ್ಕೂಲ್ ಬಸ್ಸನ್ನು ಮನೆ ಮಾಡಿಕೊಂಡಿದ್ದೀರಾ? ದಾರಿಯಲ್ಲಿ ಕೆಟ್ಟು ನಿಲ್ಲುವುದಕ್ಕೂ ತಯಾರಿ ಮಾಡಿಕೊಳ್ಳಿ

ಹಳೇ ಸ್ಕೂಲ್ ಬಸ್ ತಗೊಂಡು, ಸೀಟು ಕಿತ್ತು, ಮಂಚ, ಅಡುಗೆ ಕಟ್ಟೆ, ನೀರಿನ ಟ್ಯಾಂಕು ಕೂರಿಸಿಕೊಂಡವರು ಬೆಂಗಳೂರಿನಲ್ಲಿ ಈಗ ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ಸೋಲಾರ್ ಪ್ಯಾನೆಲ್ ಎಷ್ಟು ವಾಟ್, ಫ್ರಿಜ್ ಯಾವುದು ಅಂತ ಗಂಟೆಗಟ್ಟಲೆ ಮಾತಾಡುತ್ತಾರೆ. ಸ್ಟೆಪ್ನಿ ಒಂದು ಸಲ ಇಳಿಸಿ ನೋಡಿದ್ದೀರಾ ಅಂತ ಕೇಳಿದರೆ ಮಾತು ನಿಲ್ಲುತ್ತದೆ. ಬಸ್ಸು ಕೆಡುತ್ತದೆ, ಅದರಲ್ಲಿ ಅನುಮಾನ ಬೇಡ. ಟೂಲ್ ಬಾಕ್ಸ್ ಆಮೇಲೆ ತಗೊಳ್ಳಬಹುದು. ನಿಜವಾದ ತಯಾರಿ ಶುರುವಾಗುವುದು ಬಡಗಿ ಪ್ಲೈವುಡ್ ಕೊಯ್ಯುವ ದಿನ.

ನಮ್ಮ ಸ್ಕೂಲ್ ಬಸ್ಸುಗಳಲ್ಲಿ ಜಾಸ್ತಿ ಪಾಲು ಇಂಜಿನ್ ಮುಂದೆ, ಡ್ರೈವರ್ ಪಕ್ಕದಲ್ಲೇ ಇರುತ್ತದೆ. ಬಾನೆಟ್ ತೆಗೆಯುವುದು ಬಸ್ಸಿನ ಒಳಗಿನಿಂದ. ಆ ಜಾಗ ನೋಡಿದ ತಕ್ಷಣ ಎಲ್ಲರಿಗೂ ಚಪ್ಪಲಿ ಸ್ಟ್ಯಾಂಡು, ಇಲ್ಲಾ ಮಕ್ಕಳಿಗೊಂದು ಕೂರುವ ಮೆತ್ತೆ ಅನ್ನುವ ಆಸೆ ಬರುತ್ತದೆ. ಇಡಿ, ಆದರೆ ಎರಡು ನಿಮಿಷದಲ್ಲಿ ಎತ್ತಿ ಪಕ್ಕಕ್ಕೆ ಇಡುವ ಹಾಗೆ ಇಡಿ. ಸ್ಕ್ರೂ ಹಾಕಿ ಕೂರಿಸಿದರೆ ನೆಲಮಂಗಲದ ಮೆಕ್ಯಾನಿಕ್ ಬಂದು "ಏನ್ ಸಾರ್, ಇಂಜಿನ್ ಎಲ್ಲಿ ಬಚ್ಚಿಟ್ಟಿದ್ದೀರಾ?" ಅಂತ ಕೇಳುತ್ತಾನೆ, ನೀವು ಕತ್ತಲಲ್ಲಿ ಸ್ಕ್ರೂ ಡ್ರೈವರ್ ಹುಡುಕುತ್ತೀರಿ. ಇಂಜಿನ್ ಸುತ್ತ ಸಾದಾ ಫೋಮ್ ಅಂಟಿಸುವುದಂತೂ ಬೇಡವೇ ಬೇಡ, ಅದು ಬೆಂಕಿಯನ್ನು ಕೈಯಾರೆ ಕರೆದ ಹಾಗೆ.

ಬ್ಯಾಟರಿ ಪೆಟ್ಟಿಗೆ, ಡೀಸೆಲ್ ಫಿಲ್ಟರ್, ಫ್ಯೂಸ್ ಬಾಕ್ಸ್, ಬ್ರೇಕಿನ ಏರ್ ಟ್ಯಾಂಕಿನಿಂದ ನೀರು ಬಿಡುವ ಡ್ರೇನ್, ಸ್ಟೆಪ್ನಿ ಇಳಿಸುವ ಚೈನು, ಇವಿಷ್ಟಕ್ಕೂ ಕೈ ಹೋಗಬೇಕು. ನೆಲದಲ್ಲಿ ಕಂಪನಿಯೇ ಕೊಟ್ಟ ಮುಚ್ಚಳ ಇದ್ದರೆ ಅದರ ಮೇಲೆ ವಿನೈಲ್ ಅಂಟಿಸಿ ಮುಗಿಸಬೇಡಿ, ಅಷ್ಟು ಭಾಗ ಕತ್ತರಿಸಿ ಬೇರೆ ತುಂಡು ಇಡಿ. ಗೋಡೆ ಮುಚ್ಚುವ ಮೊದಲು ಪ್ರತಿ ವೈರು, ಪ್ರತಿ ಪೈಪಿನ ಫೋಟೋ ತೆಗೆದುಕೊಳ್ಳಿ. ಇನ್ನೊಂದು ಮಾತು, ಹಿಂದಿನ ಎಮರ್ಜೆನ್ಸಿ ಬಾಗಿಲಿಗೆ ಅಡ್ಡ ಮಂಚ ಹಾಕುವವರು ಬಹಳ ಜನ. ಮುಂದೆ ಇಂಜಿನ್ ಹತ್ತಿರ ಹೊಗೆ ಎದ್ದರೆ ಹೊರಗೆ ಹೋಗುವ ದಾರಿ ಅದೊಂದೇ, ಅಲ್ವಾ?

ಇನ್ನು ಬಸ್ಸಿನ ಹಳೇ ಜಾತಕ. ಸ್ಕೂಲ್ ಬಸ್ ದಿನಕ್ಕೆ ಎರಡು ಟ್ರಿಪ್ ಓಡಿ ನಿಲ್ಲುವ ಗಾಡಿ, ಕಿಲೋಮೀಟರ್ ಕಡಿಮೆ ತೋರಿಸುತ್ತದೆ, ಅದನ್ನೇ ನೋಡಿ ಖುಷಿಪಡುತ್ತೇವೆ. 2020ರ ಮಾರ್ಚಿನಲ್ಲಿ ಶಾಲೆ ಮುಚ್ಚಿದ ಮೇಲೆ ಎಷ್ಟೋ ಬಸ್ಸುಗಳು ತಿಂಗಳುಗಟ್ಟಲೆ ನಿಂತಲ್ಲೇ ನಿಂತಿದ್ದವು. ನಿಂತ ಗಾಡಿಯಲ್ಲಿ ಹಾಳಾಗುವುದು ರಬ್ಬರು: ಟೈರು, ಹೋಸು, ಬೆಲ್ಟು, ಬ್ರೇಕಿನ ವಾಷರ್‌ಗಳು. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತದೆ, 2319 ಅಂತ ಇದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು ಅಂತ. ಗುಂಡಿ, ಅಂದರೆ ಟೈರಿನ ಮೇಲಿನ ಅಚ್ಚು, ಇನ್ನೂ ಆಳ ಇದೆ, ಚೆನ್ನಾಗಿದೆ ಅಂತ ಮಾರುವವನು ಹೇಳುತ್ತಾನೆ. ಪಕ್ಕೆ ಬಿರುಕು ಬಿಟ್ಟಿದ್ದರೆ ಗುಂಡಿ ಆಳ ಇದ್ದು ಏನು ಪ್ರಯೋಜನ? ವೇಗ ಮಿತಿ ಮೀರದ ಹಾಗೆ ತಡೆಯುವ ಸ್ಪೀಡ್ ಗವರ್ನರ್ ಎಲ್ಲಿದೆ ಅಂತಲೂ ಮೆಕ್ಯಾನಿಕ್ ಹತ್ತಿರ ತೋರಿಸಿಕೊಳ್ಳಿ. ಹಳೇ ಬಸ್ಸಿನಲ್ಲಿ ಅದು ಕೆಟ್ಟರೆ ಪಿಕಪ್ಪೇ ಬರುವುದಿಲ್ಲ, ಪಾಪ ಜನ ಪಂಪು, ನಾಜಲ್ ಎಲ್ಲ ಬಿಚ್ಚಿಸಿ ದುಡ್ಡು ಕಳೆದುಕೊಳ್ಳುತ್ತಾರೆ.

ಸಾಮಾನು ತರುವುದಕ್ಕೆ ಜೆ.ಸಿ. ರಸ್ತೆ, ಕಲಾಸಿಪಾಳ್ಯ ಇದ್ದೇ ಇದೆ. ಬರೀ ಗಾಡಿ ಹೆಸರು ಹೇಳಿದರೆ ಅಂಗಡಿಯವನು "ಯಾವ ಮಾಡೆಲ್, ಯಾವ ವರ್ಷ" ಅಂತ ವಾಪಸ್ ಕಳಿಸುತ್ತಾನೆ. ಹಳೇ ಬೆಲ್ಟು, ಹಳೇ ಫಿಲ್ಟರು ಕೈಯಲ್ಲೇ ಹಿಡಿದುಕೊಂಡು ಹೋಗಿ, ಚಾಸಿಸ್ ನಂಬರ್ ಫೋನಿನಲ್ಲಿರಲಿ. ಫ್ಯಾನ್ ಬೆಲ್ಟ್, ಡೀಸೆಲ್ ಫಿಲ್ಟರ್ ಎರಡು, ರೇಡಿಯೇಟರ್‌ನ ಮೇಲಿನ ಕೆಳಗಿನ ಹೋಸು, ಕ್ಲಾಂಪುಗಳು, ಫ್ಯೂಸು, ಬಲ್ಬು, ಟ್ಯೂಬ್ ಟೈರಾದರೆ ಟ್ಯೂಬೂ ಅದರಡಿಯ ರಬ್ಬರ್ ಪಟ್ಟಿ ಫ್ಲಾಪೂ, ಇಂಜಿನ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್. ಜೊತೆಗೆ ಬೈಂಡಿಂಗ್ ವೈರು, ಎಂ-ಸೀಲ್, ಇನ್ಸುಲೇಷನ್ ಟೇಪು. ನೀವೇ ಹಾಕಲು ಬರದಿದ್ದರೂ ಪಾರ್ಟು ಜೊತೆಗಿರಲಿ. ಹಾಸನ ದಾಟಿದ ಮೇಲೆ ಭಾನುವಾರ ಮಧ್ಯಾಹ್ನ ಮೆಕ್ಯಾನಿಕ್ ಸಿಗಬಹುದು, ನಿಮ್ಮ ಅಳತೆಯ ಹೋಸು ಸಿಗುವುದು ಕಷ್ಟ.

ಟೈರು ಬಿಚ್ಚುವುದನ್ನು ಮನೆ ಹತ್ತಿರ ಒಂದು ಸಲ ಮಾಡಿ ನೋಡಲೇಬೇಕು. ಕಾರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಪಂಚರ್ ಅಂಗಡಿಯವರು ಏರ್ ಗನ್‌ನಲ್ಲಿ ನಟ್ ಎಷ್ಟು ಬಿಗಿ ಮಾಡಿರುತ್ತಾರೆ ಅಂದರೆ ವೀಲ್ ಸ್ಪ್ಯಾನರ್ ಮೇಲೆ ನಿಂತು ಕುಣಿದರೂ ಅಲುಗುವುದಿಲ್ಲ. ನಾಲ್ಕಡಿ ಉದ್ದದ ಗಟ್ಟಿ ಪೈಪು ಬೇಕು, ಸ್ಪ್ಯಾನರಿನ ಹಿಡಿಗೆ ಅದನ್ನು ತೂರಿಸಿ ಎಳೆದರೆ ಕಿರ್ ಅಂತ ಸದ್ದು ಮಾಡಿ ಬಿಡುತ್ತದೆ. ಕೆಲವು ಬಸ್ಸುಗಳಲ್ಲಿ ಎಡಗಡೆ ಚಕ್ರದ ನಟ್‌ಗೆ ಉಲ್ಟಾ ಥ್ರೆಡ್ ಇರುತ್ತದೆ, ಬಿಚ್ಚುತ್ತಿದ್ದೇನೆ ಅಂದುಕೊಂಡು ಇನ್ನೂ ಬಿಗಿ ಮಾಡುತ್ತೀರಿ. ನಿಮ್ಮದು ಯಾವ ಕಡೆ ಅಂತ ನೋಡಿ, ಚಕ್ರದ ಮೇಲ್ಭಾಗದಲ್ಲಿ ಪೇಂಟಿನಲ್ಲಿ ಬಾಣ ಬರೆದಿಡಿ. ನಟ್ ಸಡಿಲ ಮಾಡುವುದು ಜಾಕಿ ಏರಿಸುವ ಮೊದಲು. ಜಾಕಿ ಅಡಿಗೆ ದಪ್ಪ ಮರದ ಹಲಗೆ ಇಡಿ, ಇಲ್ಲದಿದ್ದರೆ ಮಳೆಗಾಲದ ಮಣ್ಣಿನಲ್ಲಿ ಬಸ್ಸು ಮೇಲೆ ಹೋಗುವ ಬದಲು ಜಾಕಿ ಕೆಳಗೆ ಹೋಗುತ್ತದೆ. ಗಾಳಿ ಪೂರ್ತಿ ಇಳಿದಾಗ ಆಕ್ಸಲ್ ಅಡಿಯಲ್ಲಿ ನಿಮ್ಮ ಜಾಕಿ ತೂರುತ್ತದಾ ಅನ್ನುವುದನ್ನೂ ಈಗಲೇ ನೋಡಿ. ಉಳಿದ ಚಕ್ರಗಳಿಗೆ ಮರದ ಅಡೆ ಕೊಡಿ. ಜಾಕಿ ಮೇಲೆ ನಿಂತ ಬಸ್ಸಿನ ಅಡಿಗೆ ಯಾರೂ ನುಸುಳಬಾರದು, ಒಳಗೂ ಯಾರೂ ಓಡಾಡಬಾರದು. 300 ಲೀಟರ್ ನೀರು ತುಂಬಿದ್ದರೆ ಅದೇ 300 ಕೆ.ಜಿ., ಬೇಕಾದರೆ ಖಾಲಿ ಮಾಡಿಬಿಡಿ.

ಹಿಂದೆ ಜೋಡಿ ಟೈರು ಇದ್ದರೆ ಒಳಗಿನದ್ದು ಪಂಚರ್ ಆದರೆ ಗೊತ್ತೇ ಆಗುವುದಿಲ್ಲ, ಹೊರಗಿನದ್ದು ಎರಡರ ಭಾರವನ್ನೂ ಹೊತ್ತು ಕಾದು ಕೊನೆಗೆ ಒಡೆಯುತ್ತದೆ. ಲಾರಿಯವರು ಟೀಗೆ ನಿಂತಾಗೆಲ್ಲ ರಾಡಿನಲ್ಲಿ ಟೈರಿಗೆ ಬಡಿಯುತ್ತಾರಲ್ಲ, ಅದು ಇದಕ್ಕೇ. ಗಾಳಿ ಇದ್ದರೆ ರಾಡು ಪುಟಿಯುತ್ತದೆ, ಇಲ್ಲದಿದ್ದರೆ ದಬ್ ಅನ್ನುತ್ತದೆ.

ಡೀಸೆಲ್ ಖಾಲಿಯಾಗಿ ನಿಂತರೆ ತುಂಬಿಸಿದ ತಕ್ಷಣ ಸ್ಟಾರ್ಟ್ ಆಗುವುದಿಲ್ಲ, ಡೀಸೆಲ್ ಪೈಪಿನೊಳಗೆ ಗಾಳಿ ಸೇರಿ ಏರ್ ಲಾಕ್ ಆಗಿರುತ್ತದೆ. ಹಳೇ ಪಂಪಿನ ಇಂಜಿನ್ ಆದರೆ ನೀವೇ ಸರಿಮಾಡಬಹುದು. ಫಿಲ್ಟರ್ ತಲೆಯ ಮೇಲಿನ ಬ್ಲೀಡ್ ಸ್ಕ್ರೂ ಸ್ವಲ್ಪ ಸಡಿಲ ಮಾಡಿ, ಕೈಪಂಪು ಒತ್ತುತ್ತಾ ಹೋಗಿ. ಮೊದಲು ನೊರೆ ನೊರೆಯಾಗಿ ಬರುತ್ತದೆ, ಆಮೇಲೆ ಗುಳ್ಳೆ ಇಲ್ಲದ ಡೀಸೆಲ್ ಹರಿಯುತ್ತದೆ. ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ. ಅಡಿಯಲ್ಲಿ ಒಂದು ಡಬ್ಬ ಹಿಡಿಯಿರಿ, ನೆಲಕ್ಕೆ ಬಿದ್ದ ಡೀಸೆಲ್ ಬೈಕಿನವರನ್ನು ಜಾರಿಸಿ ಬೀಳಿಸುತ್ತದೆ. ಕಂಪ್ಯೂಟರ್ ಹಿಡಿತದ ಹೊಸ ಕಾಮನ್ ರೈಲ್ ಇಂಜಿನ್ ಆದರೆ ಇಂಜೆಕ್ಟರ್ ಪೈಪಿನ ನಟ್ ಮುಟ್ಟಬೇಡಿ, ಅದರಲ್ಲಿ ಸಾವಿರ ಬಾರ್‌ಗೂ ಜಾಸ್ತಿ ಒತ್ತಡ ಇರುತ್ತದೆ, ಚರ್ಮ ಸೀಳಿ ಒಳಗೆ ಹೋಗುತ್ತದೆ. ಟ್ಯಾಂಕು ಕಾಲು ಭಾಗಕ್ಕಿಂತ ಕೆಳಗೆ ಇಳಿಯಲು ಬಿಡದಿದ್ದರೆ ಈ ಪಾಡೇ ಇಲ್ಲ.

ಕರೆಂಟಿನ ವಿಷಯ. ನಿಮ್ಮ ಬಸ್ಸು 12 ವೋಲ್ಟಾ 24 ವೋಲ್ಟಾ ಅಂತ ಮೊದಲು ತಿಳಿದುಕೊಳ್ಳಿ. ಎರಡು ಬ್ಯಾಟರಿ ಸೀರೀಸ್‌ನಲ್ಲಿ ಇದ್ದರೆ 24, ಆಗ ಕಾರಿನಿಂದ ಜಂಪ್ ಸ್ಟಾರ್ಟ್ ಮಾಡುವ ಮಾತೇ ಇಲ್ಲ, 24 ವೋಲ್ಟಿನ ಲಾರಿಯೇ ಬೇಕು. ಇಂಥ ಬಸ್ಸಿನಲ್ಲಿ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆದು ಲೈಟು, ಫ್ಯಾನು ಓಡಿಸುವ ಕೆಲಸ ಬಹಳ ಎಲೆಕ್ಟ್ರಿಷಿಯನ್‌ಗಳು ಮಾಡಿಕೊಡುತ್ತಾರೆ. ಒಂದು ಬ್ಯಾಟರಿ ಬರಿದಾಗುತ್ತದೆ, ಇನ್ನೊಂದು ಓವರ್ ಚಾರ್ಜ್ ಆಗುತ್ತದೆ, ಎರಡೂ ಬೇಗ ಸಾಯುತ್ತವೆ. ಮನೆ ಸಾಮಾನಿಗೆ ಬೇರೆ ಬ್ಯಾಟರಿ, ಸೆಲ್ಫ್ ಹೊಡೆಯಲು ಬೇರೆ ಬ್ಯಾಟರಿ, ನಡುವೆ ಡಿಸಿ ಕನ್ವರ್ಟರ್ರೋ ಐಸೊಲೇಟರ್ರೋ ಇರಲಿ. ಬ್ಯಾಟರಿ ಹತ್ತಿರ ಕಟ್ ಆಫ್ ಸ್ವಿಚ್ ಹಾಕಿಸಿ, ಅದು ಎಲ್ಲಿದೆ ಅಂತ ಮನೆಯ ಎಲ್ಲರಿಗೂ ಗೊತ್ತಿರಲಿ.

ದೊಡ್ಡ ಬಸ್ಸಿಗೆ ಏರ್ ಬ್ರೇಕ್ ಇರುತ್ತದೆ, ಇದು ಕಾರು ಓಡಿಸಿ ಬಂದವರಿಗೆ ಹೊಸದು. ಗಾಳಿ ಸೋರಿ ಹೋದರೆ ಹಿಂದಿನ ಚಕ್ರಗಳ ಸ್ಪ್ರಿಂಗ್ ಬ್ರೇಕ್ ತಾನೇ ಹಿಡಿದುಕೊಳ್ಳುತ್ತದೆ. ಆಮೇಲೆ ಹತ್ತು ಜನ ತಳ್ಳಿದರೂ ಬಸ್ಸು ಹೋಗುವುದಿಲ್ಲ. ಎಳೆಯಬೇಕಾದರೆ ಬೇರೆ ಗಾಡಿಯಿಂದ ಗಾಳಿ ಕೊಡಬೇಕು, ಇಲ್ಲಾ ಚಕ್ರದ ಹತ್ತಿರದ ಬ್ರೇಕ್ ಚೇಂಬರ್ ಹಿಂದಿನ ಬೋಲ್ಟ್ ತಿರುಗಿಸಿ ಬಿಡಿಸಬೇಕು. ಬಿಡಿಸಿದ ಮೇಲೆ ಬ್ರೇಕ್ ಅನ್ನುವುದೇ ಇರುವುದಿಲ್ಲ, ಅದಕ್ಕೆ ಚಕ್ರಕ್ಕೆ ಅಡೆ ಕೊಟ್ಟೇ ಬೋಲ್ಟಿಗೆ ಕೈ ಹಾಕಬೇಕು. ಹಿಂದಿನ ಚಕ್ರ ನೆಲದ ಮೇಲೆ ಉರುಳುವ ಹಾಗೆ ದೂರ ಎಳೆದುಕೊಂಡು ಹೋಗುವುದಾದರೆ ಗೇರ್ ಬಾಕ್ಸಿನಿಂದ ಹಿಂದಿನ ಚಕ್ರದ ಕಡೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿಸಿ. ಇಂಜಿನ್ ನಿಂತಿದ್ದಾಗ ಗೇರ್ ಬಾಕ್ಸಿನ ಆಯಿಲ್ ಮೇಲಕ್ಕೆ ಏರುವುದಿಲ್ಲ, ಒಣಗಿದ ಗೇರು ಸುತ್ತಿ ಸುತ್ತಿ ಹಾಳಾಗುತ್ತದೆ. ಕ್ರೇನಿನವರಿಗೆ ಯಾವಾಗಲೂ ಅವಸರ, "ಏನೂ ಆಗಲ್ಲ ಸಾರ್" ಅನ್ನುತ್ತಾರೆ. ನೀವು ಹಟ ಹಿಡಿಯಿರಿ.

ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದು ರಿಪೇರಿಗಿಂತ ಮುಖ್ಯ. ಟೆಂಪರೇಚರ್ ಮುಳ್ಳು ಏರಲು ಶುರುವಾದರೆ ಹೆಬ್ಬಾಳ ಫ್ಲೈಓವರ್ ಹತ್ತಬೇಡಿ, ಕೆಳಗೇ ಎಡಕ್ಕೆ ತಗೊಳ್ಳಿ. ಮೇಲೆ ನಿಂತರೆ ಊರಿಗೆ ಊರೇ ಶಾಪ ಹಾಕುತ್ತದೆ. ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ ಇನ್ನೊಂದು ತೊಂದರೆ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕು, ಆಟೊ ಬಿಡುವುದಿಲ್ಲ. ಅಂದರೆ ರಾಮನಗರದ ಮೆಕ್ಯಾನಿಕ್ ಬೈಕಿನಲ್ಲಿ ನಿಮ್ಮ ಹತ್ತಿರ ಬರುವ ಹಾಗಿಲ್ಲ. ಗಾಡಿ ಇನ್ನೂ ಉರುಳುತ್ತಿದ್ದರೆ ಹೇಗಾದರೂ ಮಾಡಿ ಸರ್ವಿಸ್ ರೋಡಿಗೆ ಇಳಿಯಿರಿ. ರಾಷ್ಟ್ರೀಯ ಹೆದ್ದಾರಿಯಲ್ಲಿ 1033ಕ್ಕೆ ಫೋನ್ ಮಾಡಿ, ಜೀವಕ್ಕೆ ಅಪಾಯ ಇದ್ದರೆ 112. ಲೊಕೇಶನ್ ಕಳಿಸಲು ಎಲ್ಲ ಕಡೆ ನೆಟ್‌ವರ್ಕ್ ಇರುವುದಿಲ್ಲ, ದಾಟಿ ಬಂದ ಕೊನೆಯ ಕಿಲೋಮೀಟರ್ ಕಲ್ಲಿನ ನಂಬರ್ ನೆನಪಿರಲಿ.

ಘಾಟಿಯಲ್ಲಿ, ಅದೂ ಮಳೆಗಾಲದಲ್ಲಿ, ಗುಡ್ಡ ಕಡಿದ ಜಾಗದ ಕೆಳಗೆ ನಿಲ್ಲಿಸಲೇಬೇಡಿ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದಾಗ ರಸ್ತೆ ಪಕ್ಕದ ಟೀ ಅಂಗಡಿಯೂ ಅಲ್ಲಿ ನಿಂತಿದ್ದ ಗಾಡಿಗಳೂ ಗಂಗಾವಳಿ ನದಿಗೆ ಹೋದವು. ಶಿರಾಡಿ, ಚಾರ್ಮಾಡಿ ಇಳಿಯುವಾಗ ಹತ್ತಲು ಯಾವ ಗೇರ್ ಬೇಕೋ ಅದೇ ಗೇರಿನಲ್ಲಿ ಇಳಿಯಿರಿ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಸುಟ್ಟ ವಾಸನೆ ಬಂದು ಬ್ರೇಕು ಹಿಡಿಯುವುದನ್ನೇ ಬಿಡುತ್ತದೆ. ಬಂಡೀಪುರದ ಗೇಟು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಗಾಡಿ ಮೇಲೆ ಸ್ವಲ್ಪ ಅನುಮಾನ ಇದ್ದರೂ ಸಂಜೆ ಕಾಡಿಗೆ ನುಗ್ಗಬೇಡಿ, ಗುಂಡ್ಲುಪೇಟೆಯಲ್ಲೇ ಉಳಿದುಬಿಡಿ. ಹೇಗಿದ್ದರೂ ಮಂಚ ಜೊತೆಗೇ ಇದೆ.

ನಿಂತ ಮೇಲೆ ಮೊದಲ ಕೆಲಸ ಗ್ಯಾಸ್ ಸಿಲಿಂಡರ್ ಬಂದ್ ಮಾಡುವುದು. ಹೊರಡುವಾಗಲೇ ಮಾಡಿರಬೇಕು, ಆದರೂ ಇನ್ನೊಂದು ಸಲ ನೋಡಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಕೂರುತ್ತದೆ, ಪಕ್ಕದಲ್ಲಿ ಮೆಕ್ಯಾನಿಕ್ ಬ್ಯಾಟರಿ ವೈರು ತಾಗಿಸುತ್ತಿರುತ್ತಾನೆ. ಕಾದ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಹೆದ್ದಾರಿಯಲ್ಲಿ ಮಕ್ಕಳು, ವಯಸ್ಸಾದವರು ಬಸ್ಸಿನೊಳಗೆ ಕೂರುವುದು ಬೇಡ, ತಡೆಬೇಲಿಯ ಆಚೆ ದೂರ ಕೂರಿಸಿ. ಕೆಂಪು ಟ್ರಯಾಂಗಲ್ ಬಸ್ಸಿನ ಬುಡದಲ್ಲಿ ಇಟ್ಟರೆ ಪ್ರಯೋಜನ ಇಲ್ಲ, ಹೆದ್ದಾರಿಯಲ್ಲಿ ನೂರು ಹೆಜ್ಜೆಗಿಂತ ಜಾಸ್ತಿ ಹಿಂದಕ್ಕೆ ನಡೆದು ಇಡಿ, ತಿರುವಿದ್ದರೆ ತಿರುವಿನ ಆಚೆ ಇಡಿ.

ಕಾಗದ ಪತ್ರದ ಬಗ್ಗೆ ಎರಡೇ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯ ಮಾರ್ಪಾಟು ಆರ್‌ಸಿಯಲ್ಲಿ ದಾಖಲಾಗಿರಬೇಕು, ಇಲ್ಲದಿದ್ದರೆ ಇನ್ಶೂರೆನ್ಸ್ ಕೇಳುವಾಗ ತಕರಾರು ಬರುತ್ತದೆ. ರೋಡ್‌ಸೈಡ್ ಅಸಿಸ್ಟೆನ್ಸ್ ಇದೆ ಅಂತ ನೆಮ್ಮದಿಯಾಗಿ ಇರುವವರು ಒಂದು ಸಲ ಫೋನ್ ಮಾಡಿ "ನಮ್ಮದು ಬಸ್ಸು, ಇಷ್ಟು ಟನ್, ಇಷ್ಟು ಎತ್ತರ, ಎಳೆಯುವ ಕ್ರೇನ್ ಇದೆಯಾ" ಅಂತ ಕೇಳಿ. ಕಾರು ಹೊರುವ ಗಾಡಿ ಬಂದು ನಿಮ್ಮನ್ನು ನೋಡಿ ವಾಪಸ್ ಹೋದರೆ ಯಾರಿಗೆ ಲಾಭ? ಬಸ್ಸಿನ ಎತ್ತರ ಡ್ಯಾಶ್‌ಬೋರ್ಡಿನ ಮೇಲೆ ಬರೆದಿಡಿ, ಸೋಲಾರ್ ಪ್ಯಾನೆಲ್ ಸೇರಿಸಿ.

ರಿಪೇರಿ ಮುಗಿದ ಖುಷಿಯಲ್ಲಿ ಹಾಗೇ ಹೊರಟುಬಿಡಬೇಡಿ. ಟೈರಿಗೆ ಕೊಟ್ಟ ಕಲ್ಲು, ಹಿಂದೆ ಅಡ್ಡ ಇಟ್ಟ ಕೊಂಬೆ, ಸೊಪ್ಪು ಎಲ್ಲ ತೆಗೆದು ರಸ್ತೆ ಆಚೆ ಹಾಕಿ. ಲಾರಿಯವರು ಬಿಟ್ಟುಹೋದ ಕಲ್ಲಿಗೆ ರಾತ್ರಿ ಬೈಕಿನವರು ಗುದ್ದಿ ಬೀಳುವುದು ನಮ್ಮ ಹೆದ್ದಾರಿಗಳಲ್ಲಿ ಹೊಸದೇನಲ್ಲ. ಚಕ್ರ ಬದಲಿಸಿದ್ದರೆ ಐವತ್ತು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ, ನಟ್‌ಗಳನ್ನು ಇನ್ನೊಂದು ಸಲ ಬಿಗಿ ಮಾಡಿ.