ಕೆಟ್ಟ ಸುದ್ದಿ ನಿಮ್ಮ ತನಕ ಬರುತ್ತಾ?

ಹೊಸದಾಗಿ ಟೀಮ್ ಲೀಡ್ ಆದವರು ನನ್ನ ಹತ್ತಿರ ಹೆಚ್ಚಾಗಿ ಕೇಳುವುದು ಬೆಳಗಿನ ದಿನಚರಿಯ ಬಗ್ಗೆ. ಎಷ್ಟು ಗಂಟೆಗೆ ಏಳಬೇಕು, ಧ್ಯಾನ ಮಾಡಬೇಕಾ, ಡೈರಿ ಬರೀಬೇಕಾ? ಮಾಡಿ, ಬೇಡ ಅನ್ನುವುದಿಲ್ಲ. ಆದರೆ ವರ್ಷಾನುಗಟ್ಟಲೆ ಸಾಫ್ಟ್‌ವೇರ್ ತಂಡಗಳನ್ನು ನಡೆಸಿದ ಮೇಲೆ ನಾನು ಹೊಸಬರಿಗೆ ಮೊದಲು ಕಲಿಸುವುದು ಬೇರೆಯೇ: ಕೆಟ್ಟ ಸುದ್ದಿ ಕಿವಿಗೆ ಬಿದ್ದ ಮೊದಲ ಕೆಲವು ಸೆಕೆಂಡುಗಳಲ್ಲಿ ಮುಖ ಮತ್ತು ನಾಲಿಗೆಯನ್ನು ಹಿಡಿತದಲ್ಲಿಡುವುದು. ಸುದ್ದಿ ತಡವಾಗಿ ಬಂದರೆ ಎಂಥ ಬುದ್ಧಿವಂತರ ತೀರ್ಮಾನವೂ ತಡವಾಗಿಯೇ ಬರುತ್ತದೆ. ಸುದ್ದಿ ಬೇಗ ಬರುತ್ತಾ ಇಲ್ಲವಾ ಅನ್ನುವುದು, ಹಿಂದಿನ ಸಲ ತಂದವರಿಗೆ ನಿಮ್ಮಿಂದ ಏನು ಸಿಕ್ಕಿತು ಅನ್ನುವುದರ ಮೇಲೆ ನಿಂತಿದೆ.

ಡೇಟಾಬೇಸ್ ಹೊಸ ಸರ್ವರ್‌ಗೆ ಹೋಗುವ ಸಂಜೆ ಅಂದುಕೊಳ್ಳಿ. ತಂಡದ ಕಿರಿಯ ಹುಡುಗ ಬಂದು ನಿಲ್ಲುತ್ತಾನೆ. "ಮೇಡಂ, ಒಂದ್ನಿಮಿಷ... ನಿನ್ನೆ ರಾತ್ರಿಯ ಬ್ಯಾಕಪ್ ಫೈಲ್ ಸೈಜ್ ಸೊನ್ನೆ ತೋರಿಸ್ತಿದೆ." ಅಂದರೆ, ಏನಾದರೂ ಕೆಟ್ಟರೆ ಮರಳಿ ತರಲು ಇಟ್ಟ ಪ್ರತಿ ಖಾಲಿ. ಅವನ ಕೈಯಲ್ಲಿ ಲ್ಯಾಪ್‌ಟಾಪ್ ಇದೆ, ಕಣ್ಣು ಮಾತ್ರ ನಿಮ್ಮ ಮುಖದ ಮೇಲಿದೆ. ಪಕ್ಕದ ಎರಡು ಮೇಜುಗಳಲ್ಲಿ ಕೀಬೋರ್ಡ್ ಸದ್ದು ನಿಂತಿದೆ, ಅವರೂ ಕೇಳಿಸಿಕೊಳ್ಳುತ್ತಿದ್ದಾರೆ. "ಬೆಳಿಗ್ಗೆನೇ ಯಾಕ್ ನೋಡ್ಲಿಲ್ಲ?" ಅಂದಿರೋ, ಮುಂದಿನ ಸಲ ಆ ಮೂವರೂ ಮೊದಲು ತಾವೇ ಸರಿಮಾಡಲು ನೋಡುತ್ತಾರೆ, ಕೈಮೀರಿದ ಮೇಲೆ ಬರುತ್ತಾರೆ. "ಮೊನ್ನೆಯದು ಸರಿ ಇದೆಯಾ? ಈಗ ಮೊದಲು ಏನು ನಿಲ್ಲಿಸಬೇಕು?" ಅಂದರೆ ಕೆಲಸ ಮುಂದಕ್ಕೆ ಹೋಗುತ್ತದೆ. ಬೆಳಿಗ್ಗೆ ಯಾಕೆ ನೋಡಲಿಲ್ಲ ಅನ್ನುವುದೂ ಕೇಳಲೇಬೇಕಾದ ಪ್ರಶ್ನೆ. ಅದನ್ನು ನಾಳೆ, ಎಲ್ಲ ಸರಿಹೋದ ಮೇಲೆ, ಅವನೊಬ್ಬನ ಹತ್ತಿರ ಕೇಳಿ.

ಸುದ್ದಿ ಮೇಲಕ್ಕೆ ಹೋಗದಿದ್ದರೆ ಏನಾಗುತ್ತದೆ ಎಂದು ವಿಮಾನಯಾನದವರು ಪ್ರಾಣ ತೆತ್ತು ಕಲಿತಿದ್ದಾರೆ. 1978ರ ಡಿಸೆಂಬರ್‌ನಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಇಳಿಯಬೇಕಿದ್ದ ಒಂದು ಡಿಸಿ-8 ವಿಮಾನದ ಲ್ಯಾಂಡಿಂಗ್ ಗೇರ್‌ನಲ್ಲಿ ತೊಂದರೆ ಕಾಣಿಸಿತು. ಕ್ಯಾಪ್ಟನ್ ಅದರಲ್ಲೇ ಮುಳುಗಿ ಸುಮಾರು ಒಂದು ಗಂಟೆ ಸುತ್ತು ಹೊಡೆಸಿದರು. ಇಂಧನ ಕಡಿಮೆಯಾಗುತ್ತಿರುವುದು ಸಿಬ್ಬಂದಿಗೆ ಕಾಣುತ್ತಿತ್ತು. ಹೇಳಿದರು ಕೂಡ, ಆದರೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಇಂಧನ ಮುಗಿದು ವಿಮಾನ ನೆಲಕ್ಕಪ್ಪಳಿಸಿತು, ಹತ್ತು ಜನ ಸತ್ತರು. ಕ್ಯಾಪ್ಟನ್ ಇಂಧನದ ಮೇಲೆ ಕಣ್ಣಿಡದಿದ್ದದ್ದು ಮತ್ತು ಉಳಿದವರು ಬಿಡಿಸಿ ಹೇಳದಿದ್ದದ್ದು, ಎರಡನ್ನೂ ತನಿಖೆ ಎತ್ತಿ ತೋರಿಸಿತು. ಕಾಕ್‌ಪಿಟ್‌ನಲ್ಲಿ ಕಿರಿಯರು ಹಿರಿಯರಿಗೆ ನೇರವಾಗಿ ಹೇಳುವುದನ್ನು, ಹಿರಿಯರು ಅದನ್ನು ಕೇಳಿಸಿಕೊಳ್ಳುವುದನ್ನು ಪೈಲಟ್‌ಗಳಿಗೆ ತರಬೇತಿಯಾಗಿ ಕಲಿಸುವ ಪದ್ಧತಿ ಬಲವಾಗಿದ್ದು ಇಂಥ ಅಪಘಾತಗಳ ನಂತರವೇ.

ಇದು ಕೇವಲ ಒಳ್ಳೆಯ ಸ್ವಭಾವದ ಮಾತಾಗಿದ್ದರೆ ನಾನು ಬರೆಯುತ್ತಿರಲಿಲ್ಲ, ಈ ಹಿಡಿತ ಅಭ್ಯಾಸದಿಂದ ಬರುತ್ತದೆ. ದಾರಿ ಒಂದು: "ಹೀಗಾದರೆ ಹೀಗೆ" ಎಂಬ ವಾಕ್ಯವನ್ನು ಮೊದಲೇ ಬರೆದಿಟ್ಟುಕೊಳ್ಳುವುದು. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1999ರಲ್ಲಿ ಪ್ರಕಟಿಸಿದ ಪ್ರಬಂಧದ ಸಾರವೂ ಇದೇ: ಬರೀ "ಇನ್ನು ಸಮಾಧಾನದಿಂದ ಇರ್ತೀನಿ" ಅನ್ನುವುದಕ್ಕಿಂತ, ಯಾವ ಸಂದರ್ಭದಲ್ಲಿ ಏನು ಮಾಡುತ್ತೇನೆ ಎಂದು ಗೊತ್ತುಮಾಡಿಕೊಂಡವರು ಅದನ್ನು ಮಾಡಿ ಮುಗಿಸುವುದು ಹೆಚ್ಚು. ನನ್ನ ವಾಕ್ಯ ಇದು: "ಯಾರಾದರೂ 'ಒಂದ್ನಿಮಿಷ' ಅಂತ ಬಂದರೆ, ಕೈ ಕೀಬೋರ್ಡ್‌ನಿಂದ ತೆಗೆದು, ಅವರು ಮುಗಿಸಿದ ಮೇಲೆ ಮನಸ್ಸಿನಲ್ಲಿ ಮೂರು ಎಣಿಸಿ, ಒಂದು ಪ್ರಶ್ನೆ ಕೇಳ್ತೀನಿ." ನಿಮ್ಮದನ್ನು ನೀವು ಬರೆದುಕೊಳ್ಳಿ. ಆ ಪ್ರಶ್ನೆ "ಏನು", "ಎಷ್ಟು", "ಯಾವಾಗಿನಿಂದ" ಇಂಥ ಪದಗಳಿಂದ ಶುರುವಾಗಲಿ. "ಯಾಕೆ" ಅನ್ನುವ ಪದ ಆ ಹೊತ್ತಿನಲ್ಲಿ ಬೈಗುಳವಾಗಿಯೇ ಕೇಳುತ್ತದೆ.

ಮೂರು ಎಣಿಸುವುದು ಸುಮ್ಮನೆ ಹೇಳಿದ್ದಲ್ಲ. ಪಾಠ ಮಾಡುವ ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಷ್ಟೇ ಕಾಯುತ್ತಾರೆ ಎಂದು ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದ್ದರು. ಅದನ್ನು ಮೂರು ಸೆಕೆಂಡಿಗೆ ಹಿಗ್ಗಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿಬಿಟ್ಟರು. ಮೀಟಿಂಗ್‌ನಲ್ಲೂ ಮಾಡಿ ನೋಡಿ. ಎರಡನೇ ಸೆಕೆಂಡಿಗೇ ನಿಮಗೆ ಚಡಪಡಿಕೆ ಶುರುವಾಗುತ್ತದೆ. ತಡೆದುಕೊಳ್ಳಿ. ಬೇಕಾದ ಮಾತು ಬರುವುದು ಸಾಮಾನ್ಯವಾಗಿ ಅದರ ನಂತರ.

ಒಳಗೆ ಕುದಿಯುತ್ತಿದ್ದರೆ? ಕುದಿಯಲಿ, ಹೆಸರಿಡಿ. "ನನಗೆ ಈಗ ಭಯ ಆಗ್ತಿದೆ, ಕ್ಲೈಂಟ್‌ಗೆ ಏನು ಹೇಳೋದು ಅಂತ." ಇಷ್ಟು ಮನಸ್ಸಿನಲ್ಲೇ ಹೇಳಿಕೊಂಡರೂ ಬಿಸಿ ಒಂದು ಮಟ್ಟಕ್ಕೆ ಇಳಿಯುತ್ತದೆ. ಬಹುಪಾಲು ಲೀಡರ್‌ಗಳ ಸಿಟ್ಟು ಬಿಚ್ಚಿ ನೋಡಿದರೆ ಭಯವೇ ಅನ್ನುವುದು ನನ್ನ ಅಭಿಪ್ರಾಯ, ಒಪ್ಪದವರು ಇದ್ದಾರೆ.

ಇನ್ನು ಬರವಣಿಗೆಯ ಸಿಟ್ಟು. ಕೋಪದ ಕೈಗೆ ಬುದ್ಧಿ ಕೊಡಬೇಡ ಅನ್ನುತ್ತಾರಲ್ಲ, ಈಗ ಆ ಕೈಯಲ್ಲಿ ಫೋನ್ ಬೇರೆ ಇದೆ. ಅಮೆರಿಕದ ಅಂತರ್ಯುದ್ಧದಲ್ಲಿ ಗೆಟಿಸ್‌ಬರ್ಗ್ ಕದನದ ನಂತರ ಶತ್ರುಸೈನ್ಯ ತಪ್ಪಿಸಿಕೊಂಡು ಹೋದಾಗ ಅಬ್ರಹಾಂ ಲಿಂಕನ್ 1863ರ ಜುಲೈ 14ರಂದು ತಮ್ಮದೇ ಸೈನ್ಯದ ಜನರಲ್ ಮೀಡ್‌ಗೆ ಕಟುವಾದ ಪತ್ರ ಬರೆದರು. ಬರೆದು ಕಳಿಸದೆ ತೆಗೆದಿಟ್ಟರು. ಅಂಥ ಮೇಲ್ ಬರೆಯುವಾಗ "ಯಾರಿಗೆ" ಅನ್ನುವ ಜಾಗ ಖಾಲಿ ಬಿಡಿ. ಬರೆದು ಮುಗಿಸಿ, ಊಟ ಮಾಡಿ ಬಂದು ಓದಿ.

ಎಷ್ಟು ದಿನ ಬೇಕು ಅಂತ ಎಲ್ಲರೂ ಕೇಳುತ್ತಾರೆ. ಇಪ್ಪತ್ತೊಂದು ದಿನದಲ್ಲಿ ಅಭ್ಯಾಸ ಮೈಗೂಡುತ್ತದೆ ಅನ್ನುವ ಮಾತನ್ನು ನಂಬಬೇಡಿ. ಲಂಡನ್‌ನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರ ಅಧ್ಯಯನದಲ್ಲಿ ಒಂದು ಸಣ್ಣ ಅಭ್ಯಾಸ ಮೈಗೂಡಲು ಹಿಡಿದ ಕಾಲ ಮಧ್ಯಮ ಲೆಕ್ಕದಲ್ಲಿ 66 ದಿನ. ಕೆಲವರಿಗೆ 18, ಕೆಲವರಿಗೆ 254ರ ತನಕ. ಒಂದು ದಿನ ತಪ್ಪಿದರೆ ಹೆಚ್ಚೇನೂ ಕೆಡುವುದಿಲ್ಲ ಅನ್ನುವುದನ್ನೂ ಅವರೇ ಕಂಡರು. ಅದೂ ನೀರು ಕುಡಿಯುವುದು, ನಡೆಯುವುದು ಇಂಥ ದಿನನಿತ್ಯದ ಅಭ್ಯಾಸಗಳಿಗೆ. ಕೆಟ್ಟ ಸುದ್ದಿ ದಿನಾ ಬರುವುದಿಲ್ಲವಾದ್ದರಿಂದ ಸಣ್ಣ ಕಿರಿಕಿರಿಗಳ ಮೇಲೆ ಅಭ್ಯಾಸ ಮಾಡಿ: ಮೀಟಿಂಗ್ ತಡವಾಯಿತು, ಯಾರೋ ಹಳೇ ಫೈಲ್ ಕಳಿಸಿದರು. ಅಲ್ಲೂ ಮೂರು ಎಣಿಸಿ.

ಫಲ ಕಾಣುತ್ತಿದೆಯಾ ಅಂತ ನೋಡಲು ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಪ್ರತಿ ತೊಂದರೆಗೂ ಒಂದು ಸಾಲು: ಯಾವಾಗ ಆಯಿತು, ನನಗೆ ಯಾವಾಗ ಗೊತ್ತಾಯಿತು, ಯಾರು ಹೇಳಿದರು. ಲೆಕ್ಕ ನೋಡುವಾಗ ಒಂದು ಎಚ್ಚರ. ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳನ್ನು ಅಧ್ಯಯನ ಮಾಡಿದ ಏಮಿ ಎಡ್ಮಂಡ್‌ಸನ್ 1996ರಲ್ಲಿ ಬರೆದಂತೆ, ಚೆನ್ನಾಗಿ ನಡೆಯುತ್ತಿದ್ದ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು, ಅವರು ಮುಚ್ಚಿಡುತ್ತಿರಲಿಲ್ಲ. ಹಾಗಾಗಿ ಮೊದಲ ತಿಂಗಳುಗಳಲ್ಲಿ ಸಾಲುಗಳು ಹೆಚ್ಚಾದರೆ ಗಾಬರಿ ಬೀಳಬೇಡಿ. ನೋಡಬೇಕಾದದ್ದು ಆದ ಹೊತ್ತಿಗೂ ಗೊತ್ತಾದ ಹೊತ್ತಿಗೂ ಇರುವ ಅಂತರ, ಮತ್ತು "ಯಾರು ಹೇಳಿದರು" ಅನ್ನುವ ಕಡೆ ಕ್ಲೈಂಟ್ ಹೆಸರು ಎಷ್ಟು ಸಲ ಬಂದಿದೆ ಅನ್ನುವುದು.