ಉಪ್ಪಿನಕಾಯಿಗೊಂದು ಒಕ್ಕಣೆ: ಚಾಟ್‌ಬಾಟ್‌ನಿಂದ ಬರೆಸುವುದು ಹೇಗೆ?

ಸಾಗರದ ಕಡೆಯ ನನ್ನ ಅತ್ತಿಗೆ ಅಪ್ಪೆಮಿಡಿ (ಘಮವಿರುವ ಎಳೆಯ ಮಾವಿನಕಾಯಿ) ಉಪ್ಪಿನಕಾಯಿಯನ್ನು ಆನ್‌ಲೈನ್‌ನಲ್ಲಿ ಮಾರಲು ಹೊರಟಾಗ ವಿವರಣೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಸೋಮಾರಿತನದಿಂದ ಚಾಟ್‌ಬಾಟ್‌ಗೆ ಒಂದೇ ಸಾಲು ಕೊಟ್ಟೆ: ‘ಮಾವಿನ ಉಪ್ಪಿನಕಾಯಿಗೆ ಆಕರ್ಷಕ ವಿವರಣೆ ಬರೆ.’ ಕ್ಷಣದಲ್ಲಿ ಉತ್ತರ ಬಂತು. ರಸಭರಿತ ಮಾವಿನ ಹೋಳುಗಳು, ಶುದ್ಧ ಎಳ್ಳೆಣ್ಣೆ, ಅಜ್ಜಿಯ ಕೈರುಚಿ, ರೋಗನಿರೋಧಕ ಶಕ್ತಿಗೆ ವರದಾನ! ಓದಿದ ಅತ್ತಿಗೆ, ‘ಇದು ಯಾರ ಮನೆಯ ಉಪ್ಪಿನಕಾಯಿ?’ ಎಂದು ಕೇಳಿದರು. ಮಿಡಿಯನ್ನು ಇಡಿಯಾಗಿ ಹಾಕುತ್ತಾರೆ, ಹೋಳು ಮಾಡುವುದಿಲ್ಲ. ಎಣ್ಣೆಯನ್ನಂತೂ ಅವರು ಒಂದು ಹನಿಯೂ ಬಳಸುವುದಿಲ್ಲ.

ಯಂತ್ರವನ್ನು ಬೈದು ಪ್ರಯೋಜನವಿಲ್ಲ. ಅದು ನಮ್ಮ ಜಾಡಿಯನ್ನು ಕಂಡಿಲ್ಲ. ಎಲ್ಲರ ಜಾಹೀರಾತನ್ನೂ ಕಲಸಿ ಒಂದು ತುತ್ತು ಬಡಿಸಿತು, ಅಷ್ಟೇ.

ಹಾಗಾಗಿ ಮೊದಲ ಹೆಜ್ಜೆಯಲ್ಲಿ ಮೊಬೈಲ್ ಬೇಡ, ನೋಟ್‌ಬುಕ್ ಸಾಕು. ಮಾಡಿದವರ ಎದುರು ಅರ್ಧ ಗಂಟೆ ಕುಳಿತು ಕೆದಕಿ ಕೇಳಿ. ನನಗೆ ಸಿಕ್ಕಿದ್ದು ಇಷ್ಟು: ಇದು ಜೀರಿಗೆ ಅಪ್ಪೆ, ತೊಟ್ಟು ಮುರಿದರೆ ಸೊನೆ ಜೀರಿಗೆಯಂತೆ ಘಮಗುಡುತ್ತದೆ. ಮರದಿಂದ ಬಡಿದು ಬೀಳಿಸಿದ ಮಿಡಿಯನ್ನು ಅತ್ತಿಗೆ ಮುಟ್ಟುವುದಿಲ್ಲ, ಪೆಟ್ಟು ಬಿದ್ದ ಒಂದು ಕಾಯಿ ಇಡೀ ಜಾಡಿಯನ್ನು ಕೆಡಿಸಬಲ್ಲದು. ತೊಟ್ಟು ಸಮೇತ ಕೊಯ್ದದ್ದು ಉಪ್ಪಿನಲ್ಲಿ ವಾರಗಟ್ಟಲೆ ಕುಳಿತು ಚಿರುಟಬೇಕು. ಆಮೇಲೆ ಅದೇ ಉಪ್ಪುನೀರನ್ನು ಕುದಿಸಿ ಆರಿಸಿ, ಅದರಲ್ಲಿ ಸಾಸಿವೆ, ಮೆಣಸು, ಅರಿಸಿನ ಅರೆಯುತ್ತಾರೆ. ವರ್ಷ ಕಳೆದರೂ ಕಚ್ಚಿದರೆ ‘ಕಟುಂ’ ಎನ್ನಬೇಕು, ಅದೇ ಅವರ ಪರೀಕ್ಷೆ. ಈ ‘ಕಟುಂ’ ಯಾವ ಚಾಟ್‌ಬಾಟ್‌ಗೂ ತಾನಾಗಿ ಹೊಳೆಯುವುದಿಲ್ಲ.

ಕೊಳ್ಳುವವರು ಯಾರೆಂಬುದನ್ನೂ ಬರೆದುಕೊಳ್ಳಿ. ಬೆಂಗಳೂರಿನಲ್ಲಿರುವ ಮಲೆನಾಡಿನವರಿಗೆ ‘ಜೀರಿಗೆ ಅಪ್ಪೆ’ ಎಂಬ ಎರಡು ಪದ ಸಾಕು, ಬಾಯಲ್ಲಿ ನೀರೂರುತ್ತದೆ. ಮಿಡಿಯನ್ನೇ ನೋಡದವರಿಗೆ ಕಾಯಿ ಏಕಿಷ್ಟು ಸಣ್ಣದು, ಎಣ್ಣೆ ಏಕಿಲ್ಲ, ಗಂಜಿ ಅಥವಾ ಮೊಸರನ್ನದ ಜೊತೆ ಹೇಗೆ ನಂಜಿಕೊಳ್ಳುವುದು ಎಂದು ಹೇಳಬೇಕು. ಇಬ್ಬರಿಗೂ ಒಂದೇ ಒಕ್ಕಣೆ ಹೊಂದುವುದಿಲ್ಲ.

ಈಗ ಚಾಟ್‌ಜಿಪಿಟಿಯೋ ಜೆಮಿನಿಯೋ, ನಿಮ್ಮ ಕೈಗೆ ಒಗ್ಗಿದ್ದನ್ನು ತೆರೆಯಿರಿ. ಟಿಪ್ಪಣಿಯನ್ನೆಲ್ಲ ಹಾಕಿ, ಕೆಳಗೆ ಹೀಗೆ ಸೇರಿಸಿ: ‘ಮೇಲಿನ ಸಂಗತಿಗಳನ್ನು ಮಾತ್ರ ಬಳಸು. ಇಲ್ಲದ್ದನ್ನು ಸೇರಿಸಬೇಡ, ಬೇಕಾದ ಮಾಹಿತಿ ಇಲ್ಲದಿದ್ದರೆ ನನ್ನನ್ನು ಕೇಳು. ಅಪ್ಪೆಮಿಡಿ ತಿಂದೇ ಇರದವರಿಗೆ 80 ಪದಗಳಲ್ಲಿ ಬರೆ. ಮೊದಲ ವಾಕ್ಯದಲ್ಲೇ ವಿಶೇಷತೆ ಬರಲಿ. ಅತ್ಯುತ್ತಮ, ಅದ್ಭುತ, ಅಪ್ಪಟ ಎಂಬ ಪದಗಳು ಬೇಡ. ಮೂರು ಬೇರೆ ಬೇರೆ ಮಾದರಿ ಕೊಡು.’ ಮೊದಲ ವಾಕ್ಯಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ಮೊಬೈಲ್ ಪರದೆಯಲ್ಲಿ ಮೊದಲ ಒಂದೆರಡು ಸಾಲು ಮಾತ್ರ ಕಂಡು, ಉಳಿದದ್ದು ‘ಇನ್ನಷ್ಟು ಓದಿ’ಯ ಹಿಂದೆ ಅಡಗಿಬಿಡುತ್ತದೆ.

ಮೂರರಲ್ಲಿ ಯಾವುದೂ ಹಾಗೆಯೇ ಬಳಸುವಂತೆ ಇರುವುದಿಲ್ಲ. ಒಂದರ ಆರಂಭ, ಇನ್ನೊಂದರ ನಡು ಎತ್ತಿಕೊಂಡು ಗಟ್ಟಿಯಾಗಿ ಓದಿ. ನನಗೆ ಬಂದ ಕರಡಿನಲ್ಲಿ ‘ನಿಮ್ಮ ರುಚಿ ಮೊಗ್ಗುಗಳನ್ನು ಜಾಗೃತಗೊಳಿಸುತ್ತದೆ’ ಎಂದಿತ್ತು. ಊಟದ ಎಲೆಯ ಮುಂದೆ ಕುಳಿತ ಯಾವ ಕನ್ನಡಿಗ ಹೀಗೆ ಮಾತಾಡುತ್ತಾನೆ? ‘ನಾಲಿಗೆ ಚುರುಗುಟ್ಟುತ್ತದೆ’ ಎಂದು ತಿದ್ದಿದೆ.

ಇನ್ನು ಕಾನೂನಿನ ಮಾತು. ‘ರೋಗನಿರೋಧಕ’, ‘ಜೀರ್ಣಕ್ಕೆ ಮದ್ದು’ ಎಂಬಂಥವನ್ನು ಮರುಯೋಚನೆಯಿಲ್ಲದೆ ಹೊಡೆದು ಹಾಕಿ. 2006ರ ಆಹಾರ ಸುರಕ್ಷತೆ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ‘ಚಾಟ್‌ಬಾಟ್ ಬರೆದದ್ದು’ ಎಂದರೆ ಯಾರೂ ಬಿಡುವುದಿಲ್ಲ. ತೂಕ, ಬೆಲೆ, ಪದಾರ್ಥಗಳ ಪಟ್ಟಿ, ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆ, ಇವನ್ನು ನಿಮ್ಮ ಕೈಯಾರೆ ತುಂಬಿ. ಜಾಗ ಖಾಲಿ ಬಿಟ್ಟರೆ ಯಂತ್ರ ತನಗೆ ತೋಚಿದ ಸಂಖ್ಯೆಯನ್ನೇ ಧೈರ್ಯವಾಗಿ ಬರೆದೀತು. ಗ್ರಾಹಕರ ಹೆಸರಿನಲ್ಲಿ ಹೊಗಳಿಕೆ ಬರೆಸುವ ಆಸೆಯನ್ನೂ ಬಿಡಿ. ಮಾರುವವರೇ ಗ್ರಾಹಕರ ಸೋಗಿನಲ್ಲಿ ವಿಮರ್ಶೆ ಹಾಕುವುದನ್ನು 2020ರ ಇ-ಕಾಮರ್ಸ್ ನಿಯಮಗಳು ನಿಷೇಧಿಸಿವೆ.

ಮಾರಾಟ ಶುರುವಾದ ಮೇಲೆ ಬರುವ ಪ್ರಶ್ನೆಗಳನ್ನು ಕೂಡಿಟ್ಟು ಅದೇ ಚಾಟ್‌ಬಾಟ್‌ಗೆ ಕೊಡಿ, ಒಕ್ಕಣೆಯಲ್ಲಿ ಎಲ್ಲಿ ಉತ್ತರಿಸಬಹುದೆಂದು ಕೇಳಿ. ನಮಗೆ ಮತ್ತೆ ಮತ್ತೆ ಬಂದ ಪ್ರಶ್ನೆ ಒಂದೇ: ‘ಎಣ್ಣೆ ಇಲ್ಲದೆ ಕೆಡುವುದಿಲ್ಲವೇ?’ ಕೆಳಗೆಲ್ಲೋ ಇದ್ದ ಉತ್ತರವನ್ನು ಮೇಲಕ್ಕೆ ತಂದೆವು. ಈಗ ಮೊದಲ ಸಾಲು ಹೀಗಿದೆ: ‘ಇದರಲ್ಲಿ ಎಣ್ಣೆ ಇಲ್ಲ, ಕಾಯುವ ಕೆಲಸ ಉಪ್ಪಿನದು, ಘಮ ಸೊನೆಯದು.’ ‘ಒದ್ದೆ ಚಮಚ ಹಾಕಬೇಡಿ ಎಂದೂ ಸೇರಿಸು’ ಎಂದು ಅತ್ತಿಗೆ ಹೇಳಿದ್ದಾರೆ.